ಗುಜರಿಯ ಸ್ಪ್ರಿಂಗಿಗೆ ಎಷ್ಟು ಆಯುಷ್ಯ?

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಹಾದುಹೋದವರು, ಬಿಚ್ಚಿದ ಮೋಟಾರು ಕಾರುಗಳ ಅವಯವಗಳು ರಾಶಿರಾಶಿಯಾಗಿ ಬಿದ್ದಿರುವುದನ್ನು ಕಂಡಿರಬಹುದು. ಸುರುಳಿ ಸ್ಪ್ರಿಂಗುಗಳು, ಕಮಾನು ಪಟ್ಟಿಗಳು, ಎಣ್ಣೆ ಒಸರುವ ಷಾಕ್ ಅಬ್ಸಾರ್ಬರುಗಳು – ಇವೆಲ್ಲ ಒಂದು ಕಾಲದಲ್ಲಿ ಯಾವುದೋ ಗಾಡಿಯ ಭಾರವನ್ನು ಹೊತ್ತವು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800ರದೂ ಅದೇ ವರ್ಷ. ಕಾರುಗಳು ಮಾತ್ರ ರಸ್ತೆಯಿಂದ ಪೂರ್ತಿ ಮರೆಯಾಗಿಲ್ಲ. ಹೊಸ ಬಿಡಿಭಾಗ ದೊರೆಯದಿದ್ದಾಗಲೋ, ದೊರೆತರೂ ಬೆಲೆ ಕೈಗೆಟುಕದಿದ್ದಾಗಲೋ ಕಾರಿನ ಒಡೆಯನು ಗುಜರಿಯ ಕಡೆಗೆ ಮುಖಮಾಡುತ್ತಾನೆ. ಇದು ಶುದ್ಧ ಅವಿವೇಕವೆಂದು ಕೆಲವರು ಹಳಿಯುವರು. ಕಬ್ಬಿಣಕ್ಕೆಲ್ಲಿಯ ಮುಪ್ಪು ಎಂದು ಮತ್ತೆ ಕೆಲವರು ನಗುವರು. ನಮ್ಮ ಎಣಿಕೆಯಲ್ಲಿ ಎರಡೂ ಅರ್ಧಸತ್ಯ. ಮುಪ್ಪು ಉಂಟು, ಆದರೆ ಅದು ಒಂದೊಂದು ಭಾಗಕ್ಕೆ ಒಂದೊಂದು ಬಗೆಯಲ್ಲಿ ಬರುತ್ತದೆ.

ಮೊದಲು ಸುರುಳಿ ಸ್ಪ್ರಿಂಗನ್ನು ನೋಡೋಣ. ಕಾರು ನೆಲಕ್ಕೆ ತಗ್ಗಿದಂತೆ ಕಂಡರೆ "ಸ್ಪ್ರಿಂಗು ಮೆತ್ತಗಾಗಿದೆ" ಎಂದು ಗ್ಯಾರೇಜುಗಳಲ್ಲಿ ಹೇಳುವುದು ವಾಡಿಕೆ. ಭೌತಶಾಸ್ತ್ರ ಇದನ್ನು ಒಪ್ಪದು. ಎಳೆತವು ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಆ ಅನುಪಾತವನ್ನು, ಎಂದರೆ ಸ್ಪ್ರಿಂಗಿನ ಸ್ಥಿರಾಂಕವನ್ನು, ನಿರ್ಧರಿಸುವುದು ನಾಲ್ಕೇ ಸಂಗತಿಗಳು: ಉಕ್ಕಿನ ದೃಢತಾಗುಣಾಂಕ, ಕಂಬಿಯ ದಪ್ಪ, ಸುರುಳಿಯ ವ್ಯಾಸ ಮತ್ತು ಸುತ್ತುಗಳ ಸಂಖ್ಯೆ. ವರ್ಷಗಳು ಕಳೆದ ಮಾತ್ರಕ್ಕೆ ಇವು ಬದಲಾಗುವುದಿಲ್ಲ. ಬದಲಾಗುವುದು ಸ್ಪ್ರಿಂಗಿನ ಉದ್ದ. ಬಹುಕಾಲ ಭಾರ ಹೊತ್ತ ಉಕ್ಕು ಅತ್ಯಲ್ಪವಾಗಿ ಶಾಶ್ವತ ರೂಪಾಂತರ ಹೊಂದಿ, ಭಾರ ತೆಗೆದ ಮೇಲೂ ಹಿಂದಿನ ಎತ್ತರಕ್ಕೆ ಮರಳುವುದಿಲ್ಲ. ಆದುದರಿಂದ ಗುಜರಿಯಲ್ಲಿ ಸ್ಪ್ರಿಂಗನ್ನು ಕೈಯಿಂದ ಅಮುಕಿ ನೋಡುವುದು ವ್ಯರ್ಥ. ಜೋಡಿಯೆರಡನ್ನೂ ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ ಎತ್ತರವನ್ನು ಅಳೆಯಬೇಕು. ಒಂದು ಕುಳ್ಳಗಿದ್ದರೆ ಆ ಜೋಡಿಯನ್ನು ಬಿಟ್ಟುಬಿಡುವುದೇ ಲೇಸು.

ಇದಕ್ಕಿಂತ ಗಂಭೀರವಾದುದು ಲೋಹದ ದಣಿವು. ಒಂದೇ ಬಾರಿಗೆ ಮುರಿಯಲಾರದ ಬಲವೂ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನು ಮುರಿಯಬಲ್ಲುದು. ಜರ್ಮನಿಯ ಅಗಸ್ಟ್ ವೋಲರ್ ಎಂಬ ಎಂಜಿನಿಯರು ರೈಲ್ವೆ ಅಚ್ಚುಗಳನ್ನು ಕುರಿತು 1850 ಮತ್ತು 1860ರ ದಶಕಗಳಲ್ಲಿ ನಡೆಸಿದ ಪ್ರಯೋಗಗಳಿಂದ ಇದು ಸ್ಪಷ್ಟವಾಯಿತು. ದಣಿವಿನ ಬಿರುಕು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಹುಟ್ಟುತ್ತದೆ. ಅದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಸ್ಪ್ರಿಂಗಿನ ಮೇಲೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚಿ, ಮೇಲ್ಪದರವನ್ನು ಒತ್ತಡದಲ್ಲಿಡುತ್ತಾರೆ. ಒತ್ತಿ ಹಿಡಿದ ಪದರದಲ್ಲಿ ಬಿರುಕು ಸುಲಭವಾಗಿ ಬಾಯಿ ಬಿಡದು. ತುಕ್ಕು ಈ ಪದರವನ್ನು ಕೊರೆದು ಕುಳಿ ಮಾಡಿತೆಂದರೆ ಕವಚವೇ ಹೋದಂತಾಯಿತು. ಲೆಕ್ಕವನ್ನೂ ನೋಡಿ: ಸ್ಥಿರಾಂಕವು ಕಂಬಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿದೆ. 12 ಮಿಲಿಮೀಟರ್ ಕಂಬಿ ಉದ್ದಕ್ಕೂ ತುಕ್ಕು ಹಿಡಿದು 11.5 ಆದರೆ ಸ್ಥಿರಾಂಕ ಶೇಕಡಾ 16ರಷ್ಟು ಇಳಿಯುವುದು. ಅದೇ ಭಾರಕ್ಕೆ ಉಕ್ಕಿನೊಳಗಿನ ಪೀಡನ ಶೇಕಡಾ 14ರಷ್ಟು ಏರುವುದು. ಸ್ಪ್ರಿಂಗು ನಿಜಕ್ಕೂ ಮೆತ್ತಗಾಗುವುದು ಹೀಗೆ ಮಾತ್ರ.

ಹೊಸದಾಗಿ ಕಪ್ಪು ಬಣ್ಣ ಬಳಿದ ಹಳೆಯ ಸ್ಪ್ರಿಂಗನ್ನು ಕಂಡರೆ ನಮಗೆ ಅನುಮಾನವೇ ಹೆಚ್ಚು. ಬಣ್ಣವನ್ನು ತೆಗೆದು, ಚೆನ್ನಾಗಿ ತೊಳೆದು, ಹಿಂದಿನ ರೈಲ್ವೆ ಕಾರ್ಯಾಗಾರಗಳ ಒಂದು ಸರಳ ಪರೀಕ್ಷೆಯನ್ನು ಮಾಡಬಹುದು. ಭಾಗವನ್ನು ಕೆಲವು ಗಂಟೆ ಸೀಮೆಎಣ್ಣೆಯಲ್ಲಿ ನೆನೆಸಿ, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಬೇಕು. ಬಿರುಕಿದ್ದರೆ ಅದರೊಳಗೆ ಸೇರಿದ್ದ ಎಣ್ಣೆ ಹೊರಕ್ಕೆ ಒಸರಿ, ಬಿಳಿಯ ಪುಡಿಯ ಮೇಲೆ ಕಪ್ಪಗೆ ಗೆರೆ ಮೂಡುವುದು. ಗೆರೆ ಕಂಡ ಭಾಗ ಮರಳಿ ಗುಜರಿಗೇ ಹೋಗಬೇಕು. ಗೆರೆ ಕಾಣದಿದ್ದರೆ ಬಿರುಕೇ ಇಲ್ಲವೆನ್ನಲಾಗದು. ಕೂದಲೆಳೆಗಿಂತ ಸೂಕ್ಷ್ಮವಾದುದು ಈ ಪರೀಕ್ಷೆಗೆ ಸಿಕ್ಕದೆ ಹೋಗಬಹುದು.

ಅನಿಲಜ್ವಾಲೆಯಿಂದ ಕಾಯಿಸಿ ಎತ್ತರವನ್ನು ಸರಿಪಡಿಸಿದ ಸ್ಪ್ರಿಂಗನ್ನು ಮುಟ್ಟಲೇಬಾರದು; ಉಕ್ಕಿಗೆ ಕೊಟ್ಟಿದ್ದ ಹದ ಅಲ್ಲಿಗೇ ಹಾಳಾಗಿರುತ್ತದೆ. ಅಂಬಾಸಡರಿನ ಮುಂದಿನ ಚಕ್ರಗಳಿಗೆ ಸುರುಳಿಯಿಲ್ಲ. ಉದ್ದನೆಯ ಉಕ್ಕಿನ ಸಲಾಕೆಯೊಂದು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಇಂಥ ಸಲಾಕೆ ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿಕೊಂಡು ಅದಕ್ಕೇ ಒಗ್ಗಿರುತ್ತದೆ. ಎಡಗಡೆಯದನ್ನು ಬಲಗಡೆಗೆ ಹಾಕಿದರೆ ತಿರುಚು ವಿರುದ್ಧ ದಿಕ್ಕಿಗೆ ಬಿದ್ದು ಬೇಗ ಕುಸಿಯುವುದು, ಮುರಿಯಲೂಬಹುದು. ಬಿಚ್ಚುವಾಗಲೇ ಗುರುತು ಹಾಕಿದ್ದಾರೆಯೇ ಎಂದು ಕೇಳಿ ಕೊಳ್ಳಬೇಕು.

ಷಾಕ್ ಅಬ್ಸಾರ್ಬರಿನ ಕಥೆ ಬೇರೆ. ಭಾರ ಹೊರುವುದು ಅದರ ಕೆಲಸವಲ್ಲ. ಹಳ್ಳಕ್ಕೆ ಬಿದ್ದ ಕಾರು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸಲ ಏರಿಳಿಯುತ್ತಲೇ ಇರುವುದು. ಕಿರಿದಾದ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕಿ, ಆ ಆಂದೋಲನದ ಶಕ್ತಿಯನ್ನು ಉಷ್ಣವನ್ನಾಗಿ ಮಾಡಿ ಅಡಗಿಸುವುದೇ ಇದರ ಕಾಯಕ. ಇದು ಸೋತರೆ ಚಕ್ರ ಕುಪ್ಪಳಿಸುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಬ್ರೇಕ್ ಹಾಕಿ ಫಲವೇನು? ಎಣ್ಣೆಯ ಜಿಡ್ಡು ಕಂಡುದನ್ನು ಕೊಳ್ಳಕೂಡದು. ಜಿಡ್ಡಿಲ್ಲದಿದ್ದರೂ ದಂಡವನ್ನು ನಿಲುವಾಗಿ ಹಿಡಿದು ಹಲವು ಸಲ ಪೂರ್ತಿ ಎಳೆದು ಒತ್ತಬೇಕು, ಏಕೆಂದರೆ ಅಡ್ಡ ಬಿದ್ದಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಆಮೇಲೂ ನಡುವೆ ಎಲ್ಲಾದರೂ ತಡೆ ಸಡಿಲಿದರೆ ಅದು ಕೆಟ್ಟಿದೆ. ನಿಜ ಹೇಳುವುದಾದರೆ ಇದನ್ನು ಹೊಸದಾಗಿಯೇ ಕೊಳ್ಳಿರಿ ಎನ್ನುತ್ತೇವೆ. ರಬ್ಬರ್ ಬುಷ್ ಮತ್ತು ಬಾಲ್ ಜಾಯಿಂಟುಗಳ ವಿಷಯದಲ್ಲಂತೂ ಚರ್ಚೆಯೇ ಬೇಡ. ಗಾಳಿಯ ಆಮ್ಲಜನಕ ಮತ್ತು ಓಜೋನುಗಳಿಂದ ರಬ್ಬರು ಬಳಸದೆ ಇಟ್ಟರೂ ಸೀಳುವುದು. ಬಾಲ್ ಜಾಯಿಂಟು ಕಳಚಿದರೆ ಚಕ್ರವೇ ವಾಲಿಬಿಡುವುದು.

ಜೋಡಿಸುವಾಗಿನ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಿಲಿಮೀಟರಿಗೆ 20 ನ್ಯೂಟನ್ ಬಲ ಬೇಡುವ ಸ್ಪ್ರಿಂಗು 15 ಸೆಂಟಿಮೀಟರ್ ಕುಗ್ಗಿ ಕುಳಿತಿದ್ದರೆ ಅದರಲ್ಲಿ 225 ಜೂಲ್ ಶಕ್ತಿ ಅಡಗಿದೆ. ಅದಷ್ಟೂ ಅರ್ಧ ಕಿಲೋಗ್ರಾಂ ತೂಕದ ಮೇಲಿನ ಬಟ್ಟಲಿಗೆ ದೊರೆತರೆ ಬಟ್ಟಲು ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹಾರುವುದು. ಬಿಚ್ಚುವವನ ಮುಖ ಸಾಮಾನ್ಯವಾಗಿ ಅದರ ನೇರದಲ್ಲಿಯೇ ಇರುತ್ತದೆ! ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ಟನ್ನು ಸಡಿಲಿಸುವುದು ಸಾಹಸವಲ್ಲ, ಹುಚ್ಚು. ಜಾಕಿಯೊಂದನ್ನೇ ನಂಬಿ ಕಾರಿನಡಿ ನುಸುಳುವುದೂ ಹಾಗೆಯೇ. ಗಟ್ಟಿಯಾದ ಸ್ಟ್ಯಾಂಡು ಇರಲೇಬೇಕು.

ಬುಷ್‌ಗಳ ಬೋಲ್ಟುಗಳನ್ನು ಚಕ್ರ ತೂಗಾಡುತ್ತಿರುವಾಗ ಬಿಗಿಯಬಾರದು. ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುವುದು. ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಆನಂತರ ಎಡಬಲಗಳ ಎತ್ತರವನ್ನು ಅಳೆದು, ಚಕ್ರಗಳ ನೇರವನ್ನು ಪರೀಕ್ಷಿಸಿ, ಕೆಲವು ದಿನ ಓಡಿಸಿದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ನೋಡತಕ್ಕದ್ದು.