ಗೆರ್ಗೆಟಿಯ ಹಾದಿಯಲ್ಲಿ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದ ನಾವು ನಾಲ್ವರು ಗೆಳೆಯರು ಒಂದು ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನ್ ಹತ್ತಿದೆವು. ಕಾಕಸಸ್ ಪರ್ವತದ ಮಡಿಲಿನ ಸ್ಟೆಪಂಟ್ಸ್‌ಮಿಂಡಾ ಊರಿಗೆ ಸುಮಾರು 150 ಕಿ.ಮೀ. ದಾರಿ.

ಮೊದಲು ಸಿಕ್ಕಿದ್ದು ಅನನೂರಿ. ಜಲಾಶಯದ ದಂಡೆಯ ಕೋಟೆ, ಅದರೊಳಗೆ 17ನೇ ಶತಮಾನದ ಚರ್ಚು. ಗೋಡೆಯ ಮೇಲೆ ಕಲ್ಲಿನಲ್ಲೇ ಅರಳಿದ ದ್ರಾಕ್ಷಿಬಳ್ಳಿ! ಮುಂದೆ ಘಾಟಿ ಏರಿದಂತೆ ಮರಗಳು ಮಾಯವಾಗಿ ಬರೀ ಹುಲ್ಲುಗಾವಲು. ಬೇಸಿಗೆಯ ಮೇವಿಗೆ ಬೆಟ್ಟವೇರುತ್ತಿದ್ದ ಕುರಿಮಂದೆ ರಸ್ತೆ ತುಂಬಿ ನಮ್ಮನ್ನು ನಿಲ್ಲಿಸಿತು.

ಊರು ಇರುವುದು 1740 ಮೀಟರ್ ಎತ್ತರದಲ್ಲಿ. ಗೆರ್ಗೆಟಿ ಚರ್ಚು 2170 ಮೀಟರ್‌ನಲ್ಲಿ. ನಡೆದೇ ಹೊರಟೆವು. ಮೊದಲು ತಲುಪುವ ಹುಮ್ಮಸ್ಸಿನಲ್ಲಿ ಮೂವರು ಮುಂದಾದೆವು. ತಿರುಗಿ ನೋಡಿದರೆ ಮಂಜು ಕವಿದಿತ್ತು, ಗೆಳತಿ ಕಾಣಲಿಲ್ಲ. ಕೂಗಿದರೆ ಉತ್ತರವಿಲ್ಲ. ಎದೆ ಝಲ್ಲೆಂದಿತು. ಬಂದ ದಾರಿಯಲ್ಲೇ ಇಳಿದೆವು. ಏದುಸಿರು ಬಿಡುತ್ತ ಬಂಡೆಗೊರಗಿ ಕುಳಿತಿದ್ದಳು. ಆಮೇಲೆ ಅವಳ ಹೆಜ್ಜೆಯೇ ನಮ್ಮೆಲ್ಲರ ಹೆಜ್ಜೆ.

ಚರ್ಚು 14ನೇ ಶತಮಾನದ್ದು. ಶತ್ರುಗಳ ದಾಳಿಯ ಕಾಲದಲ್ಲಿ, ಹಳೆಯ ರಾಜಧಾನಿ ಮ್ತ್ಸ್‌ಖೇತಾದ ಪವಿತ್ರ ವಸ್ತುಗಳನ್ನು ಇಲ್ಲಿಗೆ ತಂದು ಕಾಪಾಡುತ್ತಿದ್ದರಂತೆ. ತಲೆಗೆ ವಸ್ತ್ರ ಹೊದ್ದು ಒಳಹೋದ ಗೆಳತಿ ಮೇಣದಬತ್ತಿ ಹಚ್ಚಿದಳು. ಹೊರಬಂದಾಗ ಮಂಜು ಸರಿದು, 5000 ಮೀಟರ್ ಮೀರಿದ ಕಜ್‌ಬೆಕ್ ಹಿಮಶಿಖರ ಕ್ಷಣಕಾಲ ಹೊಳೆಯಿತು.

ಬೆಟ್ಟ ಹತ್ತಲು ಹೊರಡುವ ಗೆಳೆಯರೇ, ಕೊನೆಯವರ ವೇಗವೇ ಗುಂಪಿನ ವೇಗವಾಗಿರಲಿ. ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಚರ್ಚಿನ ಕಥೆ ಹೇಳಿದೆ. ಮಂಜಿನ ಕಥೆ ಹೇಳಲು ಇನ್ನೂ ಒಂದು ವಾರ ಬೇಕಾಯಿತು.