ವಾಹನದ ಮುಂಬದಿಯ ನೋಂದಣಿ ಫಲಕ: ನಿಯಮ ಹಾಗೂ ಗ್ರಾಮ ಪಂಚಾಯಿತಿಯ ಹೊಣೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಸಂಚರಿಸುವ ಜೀಪು, ಪಿಕ್‌ಅಪ್ ಹಾಗೂ ಕಾರುಗಳ ಮುಂಬದಿಯನ್ನು ಗಮನಿಸಿದರೆ, ನೋಂದಣಿ ಸಂಖ್ಯೆ ಕಾಣಬೇಕಾದ ಜಾಗದಲ್ಲಿ ಅನೇಕ ವೇಳೆ ಬೇರೆ ಏನಾದರೂ ಕಾಣುತ್ತದೆ. ಕಬ್ಬಿಣದ ಬಂಪರ್ ಗಾರ್ಡ್, ಸಂಘದ ಹೆಸರು, ಪದನಾಮದ ಕೆಂಪು ಫಲಕ, ಮಳೆಗಾಲವಾದರೆ ತೋಟದ ರಸ್ತೆಯ ಕೆಂಪು ಕೆಸರು. ಇದನ್ನು ಸಣ್ಣ ಲೋಪವೆಂದು ತಿಳಿಯುವವರೇ ಹೆಚ್ಚು. ಆದರೆ ಅಪಘಾತವೊಂದು ನಡೆದ ದಿನ, ಗಾಯಾಳುವಿನ ಕುಟುಂಬಕ್ಕೆ ದೊರೆಯುವ ಪರಿಹಾರದ ಮೊತ್ತವು ಈ ಫಲಕವನ್ನು ಯಾರಾದರೂ ಓದಿದ್ದರೇ ಎಂಬುದರ ಮೇಲೆ ನಿಲ್ಲುತ್ತದೆ. ಆದಕಾರಣ ಈ ವಿಷಯದ ನಿಯಮಗಳನ್ನು ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ (6)ನೇ ಉಪಪ್ರಕರಣದಂತೆ ನೋಂದಣಿ ಪ್ರಾಧಿಕಾರವು ಪ್ರತಿ ವಾಹನಕ್ಕೂ ಒಂದು ಗುರುತನ್ನು ನೀಡುತ್ತದೆ. ಚಿಕ್ಕಮಗಳೂರು ಪ್ರಾದೇಶಿಕ ಸಾರಿಗೆ ಕಚೇರಿಯ ‘ಕೆಎ 18’ರಿಂದ ಆರಂಭವಾಗುವ ಸಂಖ್ಯೆ ಇದೇ ಗುರುತು. ಅದನ್ನು ಹೇಗೆ ಪ್ರದರ್ಶಿಸಬೇಕೆಂಬುದನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 50 ಮತ್ತು 51ನೇ ನಿಯಮಗಳು ಹೇಳುತ್ತವೆ. 50ನೇ ನಿಯಮದ ತಿರುಳು ಇಷ್ಟೇ: ಗುರುತು ವಾಹನದ ಮುಂದೆಯೂ ಹಿಂದೆಯೂ ಸ್ಪಷ್ಟವಾಗಿ, ಓದಲು ಬರುವಂತೆ ಇರತಕ್ಕದ್ದು. ಎರಡರಲ್ಲಿ ಒಂದು ಇದ್ದರೆ ಸಾಲದು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ಊರಿಗೆ ಬಂದಾಗ, ಅಲ್ಲಿನ ಕೆಲವು ರಾಜ್ಯಗಳಲ್ಲಿ ಹಿಂಬದಿಯ ಫಲಕವೊಂದೇ ಸಾಕೆಂದು ಹೇಳುವುದುಂಟು. ಅದು ನಿಜವೇ, ಆದರೆ ಆ ರಿಯಾಯಿತಿ ಭಾರತದಲ್ಲಿ ಇಲ್ಲ. ಮಲೆನಾಡಿನಲ್ಲಂತೂ ಹಿಂಬದಿಯ ಫಲಕವನ್ನು ಹುಲ್ಲಿನ ಹೊರೆ, ಅಡಿಕೆ ಮೂಟೆ ಅಥವಾ ತೆರೆದ ಡಾಲೆಯ ಬಾಗಿಲು ಮರೆಮಾಡುವುದು ಸಾಮಾನ್ಯವಾದ್ದರಿಂದ ಮುಂಬದಿಯ ಫಲಕಕ್ಕೆ ಹೆಚ್ಚಿನ ಬೆಲೆಯಿದೆ.

ಕಾರಿನ ಫಲಕದ ಅಳತೆ ಒಂದೇ ಸಾಲಿನದಾದರೆ 500 × 120 ಮಿಲಿಮೀಟರ್, ಎರಡು ಸಾಲಿನದಾದರೆ 340 × 200 ಮಿಲಿಮೀಟರ್. ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿಲಿಮೀಟರ್, ದಪ್ಪ 10 ಮಿಲಿಮೀಟರ್, ನಡುವಿನ ಅಂತರ 10 ಮಿಲಿಮೀಟರ್. ಈ ಅಳತೆಗಳು ಫಲಕವು ನೆಟ್ಟಗೆ, ರಸ್ತೆಗೆ ಮುಖಮಾಡಿ ನಿಂತಿದ್ದಾಗ ಮಾತ್ರ ಅರ್ಥಪೂರ್ಣ. ಫಲಕವನ್ನು ಹಿಂದಕ್ಕೆ 60 ಡಿಗ್ರಿ ಬಾಗಿಸಿದರೆ 65 ಮಿಲಿಮೀಟರಿನ ಅಕ್ಷರವು ಎದುರಿನಿಂದ ನೋಡುವವನಿಗೆ ಅದರ ಅರ್ಧದಷ್ಟೇ ಎತ್ತರವಾಗಿ ಕಾಣುತ್ತದೆ. ಫಲಕದ ಮೇಲಿನ ಪ್ರತಿಫಲಕ ಹಾಳೆಯೂ ದೀಪದ ಬೆಳಕನ್ನು ನೋಡುವವನ ಕಡೆಗೆ ಸರಿಯಾಗಿ ಹಿಂದಿರುಗಿಸುವುದಿಲ್ಲ. ಬಂಪರಿನಲ್ಲಿ ತಯಾರಕರು ಫಲಕಕ್ಕೆಂದೇ ಸಮತಟ್ಟಾದ ಜಾಗವನ್ನು ಬಿಟ್ಟಿರುತ್ತಾರೆ. ಅದನ್ನು ಬಿಟ್ಟು ಬಂಪರಿನ ಅಡಿಗೆ, ಗ್ರಿಲ್ಲಿನ ಸಂದಿಗೆ ಅಥವಾ ಮುಂಗಾಜಿನ ಒಳಗೆ ಫಲಕವನ್ನು ಸ್ಥಳಾಂತರಿಸಲು ಯಾವ ಸಕಾರಣವೂ ಕಾಣುವುದಿಲ್ಲ. ದ್ವಿಚಕ್ರ ವಾಹನಗಳಲ್ಲಿ ಮುಂಬದಿಯ ಗುರುತು ಹ್ಯಾಂಡಲ್‌ಗೆ ಸಮಾನಾಂತರವಾಗಿ ಇರಬೇಕು. ಮಡ್‌ಗಾರ್ಡಿನ ಮೇಲೆ ಉದ್ದುದ್ದಕ್ಕೆ ಬರೆಯುವ ಹಳೆಯ ರೂಢಿ ಈಗ ನಡೆಯದು.

ಜೀಪು ಹಾಗೂ ಪಿಕ್‌ಅಪ್‌ಗಳ ಬಂಪರ್ ಗಾರ್ಡ್ ಪ್ರತ್ಯೇಕವಾಗಿ ಹೇಳಬೇಕಾದ ಸಂಗತಿ. ಅದನ್ನು ಅಳವಡಿಸಿದೊಡನೆ ಫಲಕವು ಸರಳುಗಳ ಹಿಂದೆ ಸರಿಯುತ್ತದೆ. ಎದುರಿನವನಿಗೆ ಸಂಖ್ಯೆಯ ನಡುವಿನ ಎರಡು ಅಂಕಿ ಕಾಣುವುದೇ ಇಲ್ಲ. ಫಲಕವನ್ನು ಗಾರ್ಡಿನ ಮುಂದಕ್ಕೆ ತಂದು ಕಟ್ಟಿದರೆ ದೋಷ ನಿವಾರಣೆಯಾಯಿತೆಂಬ ಭಾವನೆ ಇದೆ. ಹಾಗಲ್ಲ. ಇಂತಹ ಅನಧಿಕೃತ ಗಾರ್ಡುಗಳು ಅಧಿನಿಯಮದ 52ನೇ ಪ್ರಕರಣಕ್ಕೆ ವಿರುದ್ಧವೆಂದು, ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಪತ್ರ ಬರೆದಿದೆ. ಗಾರ್ಡು ಇರುವುದೇ ತಪ್ಪು. ಫಲಕ ಮರೆಯಾಗುವುದು ಎರಡನೆಯ ತಪ್ಪು.

ಇನ್ನು ಪದನಾಮದ ಫಲಕ. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಎಂದು ಬರೆದ ಫಲಕವನ್ನು ಸ್ವಂತ ಕಾರಿನ ನೋಂದಣಿ ಫಲಕದ ಮೇಲೆ ಅಥವಾ ಅದರ ಭಾಗ ಮುಚ್ಚುವಂತೆ ಹಾಕುವುದು ನಿಯಮಕ್ಕೆ ವಿರುದ್ಧ. ಜನರಿಂದ ಆಯ್ಕೆಯಾದವರ ಸ್ಥಾನಕ್ಕೆ ಗೌರವವಿದೆ. ಆದರೆ ಆ ಸ್ಥಾನವು ಸಂಖ್ಯೆಯನ್ನು ಮರೆಮಾಡುವ ಅಧಿಕಾರವನ್ನು ಕೊಟ್ಟಿಲ್ಲ. ನಾಲ್ಕು ಸಿಂಹಗಳ ರಾಷ್ಟ್ರ ಲಾಂಛನವನ್ನು ವಾಹನದ ಮೇಲೆ ಬಳಸಲು 2005ರ ಅಧಿನಿಯಮ ಹಾಗೂ 2007ರ ನಿಯಮಗಳು ಸೂಚಿಸಿದವರಿಗೆ ಮಾತ್ರ ಅವಕಾಶವಿದೆ. ಆ ಪಟ್ಟಿಯಲ್ಲಿ ಗ್ರಾಮ ಪಂಚಾಯಿತಿಯ ಪದಾಧಿಕಾರಿಗಳು ಇಲ್ಲ.

ಸಂಖ್ಯೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದು ಗ್ರಾಮಸಭೆಗಳಲ್ಲಿ ಕೇಳಿಬರುವ ಪ್ರಶ್ನೆ. ನಿಯಮವು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳನ್ನು ಕಡ್ಡಾಯಗೊಳಿಸಿದೆ. ಕನ್ನಡ ಅಂಕಿಗಳಲ್ಲಿ ಮಾತ್ರ ಬರೆದ ಫಲಕವು ಅಭಿಮಾನದ ಗುರುತಾದರೂ ಕಾನೂನಿನ ಗುರುತಾಗುವುದಿಲ್ಲ. ಪಂಚಾಯಿತಿಯ ಹೆಸರನ್ನು ವಾಹನದ ಬಾಗಿಲಿನ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆಸಲು ಯಾವ ಅಡ್ಡಿಯೂ ಇಲ್ಲ.

ಆಯುಧಪೂಜೆಯ ದಿನ ಬಾಳೆಕಂದು ಮತ್ತು ಹೂವಿನ ಹಾರವನ್ನು ಮುಂಬದಿಗೇ ಕಟ್ಟುವುದು ವಾಡಿಕೆ. ಪೂಜೆಯಾದ ಮೇಲೆಯೂ ಅದು ವಾರಗಟ್ಟಲೆ ಒಣಗಿ ನೇತಾಡುತ್ತಿರುತ್ತದೆ. ನವರಾತ್ರಿಯ ಕಾಲದಲ್ಲಿ ಶೃಂಗೇರಿಗೆ ಬರುವ ಪರಸ್ಥಳದ ವಾಹನಗಳ ಸಂಖ್ಯೆ ಹೆಚ್ಚುವುದೂ, ಫಲಕಗಳು ಮರೆಯಾಗುವುದೂ ಒಂದೇ ವಾರದಲ್ಲಿ ಎಂಬುದನ್ನು ಗಮನಿಸಬೇಕು. ಹಾರವನ್ನು ಫಲಕದ ಮೇಲ್ಭಾಗಕ್ಕೆ ಕಟ್ಟಿದರೆ ಪೂಜೆಗೂ ಕೊರತೆಯಿಲ್ಲ, ನಿಯಮಕ್ಕೂ ಭಂಗವಿಲ್ಲ.

2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವು ಮಾರಾಟಗಾರರಿಂದಲೇ ಬರುತ್ತದೆ. ಅದಕ್ಕೆ ಹಿಂದಿನ ವಾಹನಗಳಿಗೂ ಇದನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರವು 2023ರ ಆಗಸ್ಟ್ 17ರಂದು ಅಧಿಸೂಚನೆ ಹೊರಡಿಸಿತು. ಗಡುವು ಹಲವು ಬಾರಿ ವಿಸ್ತರಣೆಯಾಗಿದೆ. ಫಲಕದ ಎಡ ಮೇಲ್ಮೂಲೆಯಲ್ಲಿ 20 × 20 ಮಿಲಿಮೀಟರಿನ ಹೊಲೊಗ್ರಾಂ, ಕೆಳಗೆ ಲೇಸರ್‌ನಿಂದ ಕೊರೆದ ಕ್ರಮಸಂಖ್ಯೆ, ಒಮ್ಮೆ ತೆಗೆದರೆ ಮತ್ತೆ ಬಳಸಲಾಗದ ಬೀಗ ಇದರ ಲಕ್ಷಣಗಳು. ಪೇಟೆಯ ಅಂಗಡಿಯಲ್ಲಿ ಬರೆಸಿದ ಹೋಲಿಕೆಯ ಫಲಕಕ್ಕೆ ಮಾನ್ಯತೆ ಇಲ್ಲ.

ಪಂಚಾಯಿತಿಯ ಸ್ವಂತ ವಾಹನಗಳ ವಿಷಯದಲ್ಲಿ ಹೊಣೆ ನೇರವಾದುದು. ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಮುಂಬದಿಗೆ ಜಾಗೃತಿ ಬ್ಯಾನರ್ ಕಟ್ಟುವಾಗ ಫಲಕವನ್ನು ಬಿಟ್ಟು ಕಟ್ಟಿಸಬೇಕು. ಫಲಕದ ಬಣ್ಣವು ನೋಂದಣಿ ಪತ್ರದಲ್ಲಿರುವ ವರ್ಗಕ್ಕೆ ತಕ್ಕಂತಿರಬೇಕು: ಸಾರಿಗೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು, ಸ್ವಂತ ಬಳಕೆಯ ವಾಹನಕ್ಕೆ ಬಿಳಿಯ ಮೇಲೆ ಕಪ್ಪು, ವಿದ್ಯುತ್ ವಾಹನಕ್ಕೆ ಹಸಿರು. ಬೇಸಿಗೆಯಲ್ಲಿ ನೀರು ಸರಬರಾಜಿಗೆ ಬಾಡಿಗೆಗೆ ಪಡೆಯುವ ಟ್ರ್ಯಾಕ್ಟರ್‌ಗಳ ಕರಾರಿನಲ್ಲಿ ಫಲಕದ ಷರತ್ತನ್ನು ಸೇರಿಸಿ, ಬಿಲ್ ಪಾವತಿಗೆ ಮುನ್ನ ಪರಿಶೀಲಿಸುವುದು ಕಷ್ಟದ ಕೆಲಸವಲ್ಲ. ದಂಡ ವಿಧಿಸುವ ಅಧಿಕಾರ ಪೊಲೀಸ್ ಹಾಗೂ ಸಾರಿಗೆ ಇಲಾಖೆಯದು, ಪಂಚಾಯಿತಿಯದಲ್ಲ. 177ನೇ ಪ್ರಕರಣದಂತೆ ಮೊದಲ ಬಾರಿಗೆ 500 ರೂಪಾಯಿ, ಮರುಕಳಿಸಿದರೆ 1,500 ರೂಪಾಯಿಯವರೆಗೆ ದಂಡವಿದೆ.

ಈ ದಂಡ ಚಿಕ್ಕದು. ನಷ್ಟದ ನಿಜವಾದ ಲೆಕ್ಕ ಬೇರೆ ಕಡೆ ಇದೆ. ಕೆರೆಕಟ್ಟೆಯ ಕಾಡುದಾರಿಯಲ್ಲಿಯೋ, ಬಾಳೆಹೊನ್ನೂರಿನ ತಿರುವಿನಲ್ಲಿಯೋ ಕೂಲಿ ಮುಗಿಸಿ ನಡೆದು ಬರುವವರಿಗೆ ವಾಹನವೊಂದು ಗುದ್ದಿ ಪರಾರಿಯಾಯಿತೆನ್ನೋಣ. ಸಂಖ್ಯೆ ತಿಳಿದಿದ್ದರೆ ಕುಟುಂಬವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಮಾಲೀಕ ಹಾಗೂ ವಿಮಾ ಕಂಪನಿಯ ವಿರುದ್ಧ ಅರ್ಜಿ ಸಲ್ಲಿಸಬಹುದು. ಮೃತರ ವಯಸ್ಸು, ದುಡಿಮೆ, ಅವಲಂಬಿತರ ಸಂಖ್ಯೆಯನ್ನು ಪರಿಗಣಿಸಿ ಪರಿಹಾರ ನಿಗದಿಯಾಗುತ್ತದೆ. ಸಂಖ್ಯೆ ತಿಳಿಯದಿದ್ದರೆ 161ನೇ ಪ್ರಕರಣದ ಅಡಿಯಲ್ಲಿ ದೊರೆಯುವುದು ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಮಾತ್ರ. 2022ರ ಏಪ್ರಿಲ್ 1ಕ್ಕೆ ಮೊದಲು ಇದು ಕ್ರಮವಾಗಿ 25,000 ಹಾಗೂ 12,500 ರೂಪಾಯಿ ಇತ್ತು.

ಈ ಮೊತ್ತವೂ ತಾನಾಗಿ ಬರುವುದಿಲ್ಲ. ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ವಿಚಾರಣಾಧಿಕಾರಿಗೆ, ಅಂದರೆ ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ, ನಮೂನೆ 1ರಲ್ಲಿ ಅರ್ಜಿ ಸಲ್ಲಿಸಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿ, ಮರಣೋತ್ತರ ಪರೀಕ್ಷೆಯ ಅಥವಾ ಗಾಯದ ವರದಿ, ಗುರುತಿನ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಜೊತೆಗಿರಬೇಕು. ಅರ್ಜಿ ಬರೆಯಲು ಬಾರದ ಕುಟುಂಬಗಳಿಗೆ ಆಯಾ ವಾರ್ಡಿನ ಸದಸ್ಯರು ನೆರವಾಗುವುದು ಅಪೇಕ್ಷಣೀಯ. ವಾಹನವು ಮುಂದೆ ಪತ್ತೆಯಾಗಿ ನ್ಯಾಯಮಂಡಳಿಯಿಂದ ಪರಿಹಾರ ದೊರೆತಲ್ಲಿ, ಮೊದಲು ಪಡೆದ ಹಣವನ್ನು 163ನೇ ಪ್ರಕರಣದಂತೆ ಅದರಿಂದ ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನೂ ಅವರಿಗೆ ಮೊದಲೇ ತಿಳಿಸತಕ್ಕದ್ದು.