ಚಹಾ ಎಲೆಯಿಲ್ಲದ ಚಹಾ ಪರಿಮಳ

‘ನಿಂಬೆ, ಹಸಿರು ಚಹಾ’ ಎಂದು ಬರೆದ ಸೆಂಟಿನಲ್ಲಿ ನಿಜಕ್ಕೂ ಚಹಾ ಎಲೆ ಇರುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಈ ಬಗೆಯ ಸುಗಂಧಗಳಿಗೆ ದಾರಿ ತೆರೆದದ್ದು 1992ರಲ್ಲಿ ರೋಮ್‌ನ ಆಭರಣ ಮಳಿಗೆ ಬುಲ್ಗರಿ ಹೊರತಂದ ‘ಓ ಪರ್ಫ್ಯೂಮೆ ಓ ತೆ ವೆರ್’. ಅದನ್ನು ರೂಪಿಸಿದ ಜಾನ್-ಕ್ಲೋದ್ ಎಲೆನಾ, ಪ್ಯಾರಿಸ್ಸಿನ ಮರಿಯಾಜ್ ಫ್ರೆರ್ ಅಂಗಡಿಯ ಚಹಾ ಡಬ್ಬಗಳನ್ನು ಮೂಸಿ, ಆ ವಾಸನೆಯನ್ನು ಮುಖ್ಯವಾಗಿ ಎರಡು ಅಣುಗಳಿಂದ ಕಟ್ಟಿದರು: ಅಯನೋನ್ ಮತ್ತು ಹೆಡಿಯೋನ್.

ನನಗೆ ಅಚ್ಚುಮೆಚ್ಚು ಅಯನೋನ್‌ನ ಕಥೆ. 1893ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಫರ್ಡಿನಾಂಡ್ ಟೀಮನ್ ಮತ್ತು ಪಾಲ್ ಕ್ರೂಗರ್ ಹುಡುಕುತ್ತಿದ್ದದ್ದು ಚಹಾವನ್ನಲ್ಲ, ದುಬಾರಿಯಾದ ವಯೊಲೆಟ್ ಹೂವಿನ ಗಂಧವನ್ನು. ಹತ್ತು ಕಾರ್ಬನ್‌ಗಳ ಸಿಟ್ರಾಲ್‌ಗೆ ಮೂರು ಕಾರ್ಬನ್‌ಗಳ ಅಸಿಟೋನ್ ಸೇರಿಸಿ, ಬಂದದ್ದನ್ನು ಆಮ್ಲದಲ್ಲಿ ಕುದಿಸಿದರು. ಸರಪಳಿಯಂತಿದ್ದ ಅಣು ಸುತ್ತಿಕೊಂಡು ಉಂಗುರವಾಯಿತು, ವಯೊಲೆಟ್ ಘಮಘಮಿಸಿತು. ಸಿಟ್ರಾಲ್ ಎಂದರೆ ನಿಂಬೆಯ ವಾಸನೆಯೇ! ನಮ್ಮ ಮಜ್ಜಿಗೆ ಹುಲ್ಲಿನಲ್ಲಿ ಅದು ಧಾರಾಳ. ಮಲಬಾರಿನಲ್ಲಿ ಭಟ್ಟಿ ಇಳಿಸಿದ ಆ ಹುಲ್ಲಿನ ಎಣ್ಣೆ ಕೊಚ್ಚಿಯಿಂದ ಹಡಗೇರಿ ಯುರೋಪಿನ ಅಯನೋನ್ ಕಾರ್ಖಾನೆಗಳನ್ನು ಸೇರುತ್ತಿತ್ತು. ಚಹಾ ಎಲೆ ಇದೇ ಅಯನೋನ್ ಅಣುವನ್ನು ಬೇರೆ ದಾರಿಯಲ್ಲಿ ಪಡೆಯುತ್ತದೆ. ಎಲೆ ಬಾಡಿ, ಬಿಸಿಯಲ್ಲಿ ಒಣಗುವಾಗ ಅದರ 40 ಕಾರ್ಬನ್‌ಗಳ ಬೀಟಾ-ಕ್ಯಾರೊಟೀನ್ ತುಂಡಾಗಿ, 13 ಕಾರ್ಬನ್‌ಗಳ ಬೀಟಾ-ಅಯನೋನ್ ಉಳಿಯುತ್ತದೆ. ನಿಂಬೆಗೂ ಚಹಾಕ್ಕೂ ನಂಟು ಇಷ್ಟು ಹತ್ತಿರದ್ದು.

ಹೆಡಿಯೋನ್ ಸ್ವಿಟ್ಜರ್ಲೆಂಡಿನ ಫರ್ಮೆನಿಕ್ ಕಂಪನಿಯ ಕೊಡುಗೆ. ಮಲ್ಲಿಗೆಯ ಅಧ್ಯಯನದಿಂದ ಹುಟ್ಟಿದ್ದು. 1966ರಲ್ಲಿ ಡಿಯೋರ್ ಫ್ಯಾಷನ್ ಮನೆತನದ ‘ಓ ಸೊವಾಜ್’ ಸೆಂಟಿನಲ್ಲಿ ಸುಗಂಧಕಾರ ಎಡ್ಮಂಡ್ ರೂದ್ನಿಟ್ಸ್ಕಾ ಇದನ್ನು ಬಳಸಿದರು. ನಿಂಬೆ, ಅದೇ ಜಾತಿಯ ಬರ್ಗಮಾಟ್ ಹಣ್ಣುಗಳ ಲಿಮೋನೀನ್ ಹಗುರ ಅಣು, ಬೇಗನೆ ಹಾರಿಹೋಗುತ್ತದೆ. ಭಾರದ ಹೆಡಿಯೋನ್ ಚರ್ಮದ ಮೇಲೆ ಗಂಟೆಗಟ್ಟಲೆ ನಿಂತು ಆ ತಾಜಾತನವನ್ನು ಮುಂದುವರಿಸುತ್ತದೆ.

ಸೀಸೆಯಲ್ಲಿರುವುದು ತಮ್ಮ ಮನೆತನದ ಪರಂಪರೆ ಎಂದು ಫ್ಯಾಷನ್ ಕಂಪನಿಗಳು ಜಾಹೀರಾತು ಕೊಡುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ಆ ಸೀಸೆಗೆ ವಂಶಾವಳಿ ಬರೆಯುವುದಾದರೆ ಮೊದಲು ಬರಬೇಕಾದದ್ದು ಟೀಮನ್, ಕ್ರೂಗರ್ ಅವರ ಹೆಸರು, ಮಲಬಾರಿನ ಹುಲ್ಲು ಕೊಯ್ದವರ ಲೆಕ್ಕ.

ಕೊಳ್ಳುವವರಿಗೆ ಇನ್ನೊಂದು ಮಾತು. ಬೀಟಾ-ಅಯನೋನ್ ಎಲ್ಲರ ಮೂಗಿಗೂ ಒಂದೇ ತೆರನಾಗಿ ತಿಳಿಯುವುದಿಲ್ಲ. ಒಆರ್5ಎ1 ಎಂಬ ವಂಶವಾಹಿಯಲ್ಲಿನ ಒಂದೇ ಅಕ್ಷರದ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವಿನಂತೆ ಹಿತವಾಗುತ್ತದೆ, ಕೆಲವರಿಗೆ ಹುಳಿ ವಾಸನೆ ಎನಿಸುತ್ತದೆ, ಇಲ್ಲವೇ ತಿಳಿಯುವುದೇ ಇಲ್ಲ. ಹಾಗಾಗಿ ಬೇರೆಯವರ ಹೊಗಳಿಕೆ ನಂಬಿ ಕೊಳ್ಳಬೇಡಿ. ಮಣಿಕಟ್ಟಿಗೆ ಹಚ್ಚಿ, ನಿಂಬೆಯೆಲ್ಲ ಹಾರಿಹೋಗುವವರೆಗೆ ಕಾದು, ಆಮೇಲೆ ಮೂಸಿ ನೋಡಿ.